ಅಜ್ಜನ ಕಥೆ, ತಿಳಿದ ಭಾಷೆಯಲ್ಲಿ

ಹಾಲು ಮಾರುವ ತೆವ್ಯೆಯ ಕಥೆಗಳನ್ನು ನಾನು ಓದಿದ್ದು ಇಂಗ್ಲಿಷಿನಲ್ಲಿ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತ. ಬಡಕಲು ಕುದುರೆ, ಮದುವೆಗೆ ಬಂದ ಹೆಣ್ಣುಮಕ್ಕಳು, ಕೈಯಲ್ಲಿ ಕಾಸಿಲ್ಲ; ಆದರೂ ದಾರಿಯುದ್ದಕ್ಕೂ ದೇವರ ಜೊತೆ ವಾದ. ಧರ್ಮಗ್ರಂಥದ ಮಾತನ್ನೇ ತನಗೆ ಬೇಕಾದಂತೆ ತಿರುಗಿಸಿ ದೇವರಿಗೆ ಒಪ್ಪಿಸುತ್ತಾನೆ. ತ್ಸಾರ್ ದೊರೆಗಳ ರಷ್ಯದಲ್ಲಿ ತೆವ್ಯೆಯಂಥ ಯೆಹೂದಿಗಳಿಗೆ ಇಷ್ಟಬಂದಲ್ಲಿ ನೆಲೆಸುವ ಹಕ್ಕೂ ಇರಲಿಲ್ಲ. ದೂರು ಹೇಳಿಕೊಳ್ಳಲು ಉಳಿದವನು ದೇವರೊಬ್ಬನೇ. ಇತ್ತ ಒಬ್ಬ ಮಗಳು ಕ್ರಾಂತಿಕಾರನ ಹಿಂದೆ ಸೈಬೀರಿಯಾಕ್ಕೆ ಹೋದಳು, ಇನ್ನೊಬ್ಬಳು ಕ್ರೈಸ್ತನ ಕೈಹಿಡಿದಳು. ಹೊಸ ಕಾಲ ಆ ಮನೆಯೊಳಗೆ ಬಂದದ್ದೇ ಅಳಿಯಂದಿರ ಜೊತೆ.

ಬರೆದವರು ಶೋಲೆಮ್ ಅಲೈಕೆಮ್. 1859ರಲ್ಲಿ ಇಂದಿನ ಉಕ್ರೇನಿನಲ್ಲಿ ಹುಟ್ಟಿದವರು. ನಿಜವಾದ ಹೆಸರು ರಬಿನೊವಿಚ್. ಕಾವ್ಯನಾಮವೋ, ಯೆಹೂದಿಗಳು ಎದುರಾದಾಗ ಹೇಳುವ ನಮಸ್ಕಾರವೇ. ಕಲಿತವರು ಹೀಬ್ರೂ, ರಷ್ಯನ್ ಕಡೆ ನೋಡುತ್ತಿದ್ದಾಗ ಅವರು ಅಡುಗೆಮನೆಯ, ಸಂತೆಯ ಆಡುಮಾತಾದ ಯಿಡ್ಡಿಶ್ ಹಿಡಿದರು. ಹಾಗಿದ್ದೂ ಅವರ ಮನೆಮಾತು ರಷ್ಯನ್. ಇದನ್ನು ನಾನು ತಪ್ಪೆನ್ನಲಾರೆ. ಮಕ್ಕಳು ಹೊರಗಿನ ಲೋಕದಲ್ಲಿ ಬಾಳಬೇಕೆಂಬುದು ಆ ಅಪ್ಪನಿಗೆ ಗೊತ್ತಿತ್ತು.

1916ರ ಮೇ 13ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಹದಿಮೂರೆಂದರೆ ಅವರಿಗೆ ಭಯ, ಹಸ್ತಪ್ರತಿಗಳಲ್ಲಿ 13ನೇ ಪುಟವೇ ಇರುತ್ತಿರಲಿಲ್ಲ. ಗೋರಿಕಲ್ಲಿನ ಮೇಲೂ ತಾರೀಖು ‘12ಎ’ ಎಂದೇ ಇದೆ. ಶವಯಾತ್ರೆಗೆ ಲಕ್ಷಕ್ಕೂ ಮೀರಿ ಜನ ಸೇರಿದ್ದರು.

ಅವರ ಉಯಿಲು ನನಗೆ ಅವರ ಯಾವ ಕಥೆಗೂ ಕಡಿಮೆಯಲ್ಲ. ನನ್ನನ್ನು ಶ್ರೀಮಂತರ ನಡುವೆ ಹೂಳಬೇಡಿ, ದುಡಿಯುವ ಜನರ ಪಕ್ಕದಲ್ಲಿ ಮಲಗಿಸಿ ಎಂದರು. ಮಕ್ಕಳು ಮೊಮ್ಮಕ್ಕಳು ಏನನ್ನಾದರೂ ನಂಬಲಿ, ಯೆಹೂದಿ ಬೇರನ್ನು ಮಾತ್ರ ಕಡಿದುಕೊಳ್ಳಬಾರದು ಎಂದರು. ಪ್ರತಿವರ್ಷ ಪುಣ್ಯತಿಥಿಯಂದು ತನ್ನ ಕಥೆಗಳಲ್ಲಿ ತುಂಬ ನಗಿಸುವಂಥದ್ದೊಂದನ್ನು ಆರಿಸಿ ಓದಬೇಕು, ಅದೂ ಕೂಡಿದವರಿಗೆ ಚೆನ್ನಾಗಿ ತಿಳಿಯುವ ಭಾಷೆಯಲ್ಲಿ! ಬದುಕಿಡೀ ಯಿಡ್ಡಿಶಿಗೆ ದುಡಿದವರು ಕೊನೆಗೆ ಯಿಡ್ಡಿಶನ್ನೇ ಓದಿ ಎಂದು ಹಟ ಹಿಡಿಯಲಿಲ್ಲ. ಇಷ್ಟು ದೊಡ್ಡ ಮನಸ್ಸು ಎಷ್ಟು ಜನ ಸಾಹಿತಿಗಳಿಗಿದ್ದೀತು?

ಮೊಮ್ಮಗಳು ಬೆಲ್ ಕಾಫ್‌ಮನ್ ಬೆಳೆದದ್ದು ಒಡೆಸ್ಸಾದಲ್ಲಿ. ಪುಟ್ಟ ಮಗುವಾಗಿದ್ದಾಗ ಅಜ್ಜ ಹೇಳುತ್ತಿದ್ದರಂತೆ: ನೀನು ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿಯುತ್ತೀಯೋ ನಾನು ಅಷ್ಟು ಚೆನ್ನಾಗಿ ಬರೆಯುತ್ತೇನೆ. ಹನ್ನೆರಡನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದು ಇಂಗ್ಲಿಷ್ ಕಲಿತು, ಅದರಲ್ಲೇ ಹೆಸರಾಂತ ಕಾದಂಬರಿ ಬರೆದರು. ಅಜ್ಜ ಯಿಡ್ಡಿಶ್, ಮನೆ ರಷ್ಯನ್, ಮೊಮ್ಮಗಳು ಇಂಗ್ಲಿಷ್. 2011ರಲ್ಲಿ ನ್ಯೂಯಾರ್ಕಿನ ಹಂಟರ್ ಕಾಲೇಜಿನಲ್ಲಿ ಬೆಲ್ ಪಾಠಕ್ಕೆ ನಿಂತರು. ಪಾಠದ ವಿಷಯ ಯೆಹೂದಿ ಹಾಸ್ಯ. ನೂರು ತುಂಬಲು ಆಗ ಕೆಲವೇ ತಿಂಗಳು ಬಾಕಿಯಿತ್ತು.