ಮೆಣಸಿನ ಖಾತೆ

ಪುತ್ತೂರಿನ ದರ್ಬೆಯ ಸುತ್ತಿನ ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಗೆ ದೊಡ್ಡ ಮರ್ಯಾದೆಯೇನೂ ಇಲ್ಲ. ಅಡಿಕೆಗೆ ಕೊಳೆರೋಗ ಬಡಿದ ವರ್ಷ ಕೈಹಿಡಿಯುವ ಉಪಬೆಳೆ, ಅಷ್ಟೆ. ಲೆಕ್ಕಪತ್ರದ ಇತಿಹಾಸದಲ್ಲಿ ಮಾತ್ರ ಮೆಣಸಿಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕಬೇಕು. ಇಟಲಿಯ ಜಿನೋವಾ ನಗರದ ಖಜಾನೆ 1340ರಲ್ಲಿ ಬರೆದಿಟ್ಟ ಖಾತೆ ಪುಸ್ತಕ ಇಂದಿಗೂ ಉಳಿದಿದೆ. ಅದರಲ್ಲಿ ಮೆಣಸಿಗೇ ಒಂದು ಪ್ರತ್ಯೇಕ ಖಾತೆ. ಒಂದು ಬದಿಯಲ್ಲಿ ಕೊಂಡ ಬೆಲೆ ಮತ್ತು ಮೇಲಿನ ಖರ್ಚು, ಇನ್ನೊಂದು ಬದಿಯಲ್ಲಿ ಮಾರಿ ಬಂದ ಹಣ. ಎರಡೂ ಕೂಡಲಿಲ್ಲ, ಉಳಿದ ವ್ಯತ್ಯಾಸವನ್ನು ಗುಮಾಸ್ತ ನಷ್ಟವೆಂದು ಬೇರೆ ಖಾತೆಗೆ ಒಯ್ದು ಪುಟ ಮುಚ್ಚಿದ. ನಗರಸಭೆ ಮೆಣಸನ್ನು ಸಾಲಕ್ಕೆ ಕೊಂಡು ನಗದಿಗೆ ಅಗ್ಗವಾಗಿ ಮಾರಿ ತುರ್ತಿನ ಹಣ ಹೊಂದಿಸಿಕೊಳ್ಳುತ್ತಿತ್ತು ಎಂದು ವಿದ್ವಾಂಸರು ಊಹಿಸುತ್ತಾರೆ. ಆ ಕಾಲದಲ್ಲಿ ಯುರೋಪಿಗೆ ಮೆಣಸು ಹೋಗುತ್ತಿದ್ದದ್ದು ಹೆಚ್ಚಾಗಿ ನಮ್ಮ ಪಶ್ಚಿಮ ಕರಾವಳಿಯಿಂದಲೇ.

ಹೀಗೆ ಪ್ರತಿ ವ್ಯವಹಾರವನ್ನೂ ಎರಡು ಬದಿಯಲ್ಲಿ ಬರೆಯುವ ಜೋಡಿ ನಮೂದಿನ ಲೆಕ್ಕವನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ಪಠ್ಯಪುಸ್ತಕ ಲೂಕಾ ಪಾಚೋಲಿಯ ಹೆಸರು ಹೇಳುತ್ತದೆ. ಅದು ಅರ್ಧ ಸತ್ಯ. ಪಾಚೋಲಿ ಒಬ್ಬ ಫ್ರಾನ್ಸಿಸ್ಕನ್ ಸನ್ಯಾಸಿ, ಗಣಿತದ ಮೇಷ್ಟ್ರು, ಲಿಯೊನಾರ್ಡೊ ಡ ವಿಂಚಿಯ ಗೆಳೆಯ. 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಅವನ ದೊಡ್ಡ ಗಣಿತ ಗ್ರಂಥದ ಒಂದು ಭಾಗ ಲೆಕ್ಕ ಬರೆಯುವ ಕ್ರಮದ್ದು. ತಾನು ವಿವರಿಸುತ್ತಿರುವುದು ವೆನಿಸ್ಸಿನವರ ಪದ್ಧತಿಯನ್ನು ಎಂದು ಅವನೇ ಹೇಳಿಕೊಂಡಿದ್ದಾನೆ. ಅವನಿಗಿಂತ ಮುಂಚೆ, 1458ರಲ್ಲೇ, ಬೆನೆದೆತ್ತೊ ಕೊತ್ರುಲಿ ಎಂಬ ವರ್ತಕ ಇದೇ ವಿಷಯ ಬರೆದಿದ್ದ. ಪಾಪ, ಅವನ ಹಸ್ತಪ್ರತಿ ಅಚ್ಚಿನ ಮನೆ ಕಂಡದ್ದು 1573ರಲ್ಲಿ. ಕೀರ್ತಿ ಅಷ್ಟರೊಳಗೆ ಸನ್ಯಾಸಿಯ ಪಾಲಾಗಿತ್ತು.

ಇನ್ನೂ ಹಿಂದಕ್ಕೆ ಹೋದರೆ ಸಿಗುವವನು ಅಮಾತಿನೊ ಮನೂಚಿ. ಫ್ರಾನ್ಸಿನ ಸಲೊನ್ ಪಟ್ಟಣದಲ್ಲಿದ್ದ ಫರೋಲ್ಫಿ ಎಂಬ ಇಟಾಲಿಯನ್ ವ್ಯಾಪಾರ ಸಂಸ್ಥೆಯ ಶಾಖೆಗೆ ಅವನು 1299-1300ರಲ್ಲಿ ಬರೆದ ಖಾತೆಯ ಒಂದಿಷ್ಟು ಹಾಳೆಗಳು ಉಳಿದಿವೆ. ನನ್ನನ್ನು ಬೆರಗಾಗಿಸಿದ್ದು ಅದರೊಳಗಿನ ಬಾಡಿಗೆಯ ನಮೂದು. ಶಾಖೆ ನಾಲ್ಕು ವರ್ಷದ ಬಾಡಿಗೆಯನ್ನು ಮುಂಗಡ ಕೊಟ್ಟಿತ್ತು. ಮನೂಚಿ ಅಷ್ಟನ್ನೂ ಆ ವರ್ಷದ ಖರ್ಚೆಂದು ಬರೆಯಲಿಲ್ಲ. ಒಂದು ವರ್ಷದ್ದನ್ನು ಮಾತ್ರ ಖರ್ಚಿಗೆ ಹಾಕಿ, ಮೂರು ವರ್ಷದ್ದನ್ನು ಮುಂದಕ್ಕೆ ಉಳಿಸಿಕೊಂಡ. ದುಡ್ಡು ಕೈಬಿಡುವುದು ಬೇರೆ, ಖರ್ಚಾಗುವುದು ಬೇರೆ ಎಂಬ ಈ ವಿವೇಕ ಏಳು ನೂರು ವರ್ಷ ಹಳೆಯದು! ಅದೇ 1299ರಲ್ಲಿ ಫ್ಲಾರೆನ್ಸಿನ ಹಣವಿನಿಮಯದವರ ಸಂಘ ನಮ್ಮ ದೇಶದಿಂದ ಅರಬರ ಮೂಲಕ ಹೋದ ಅಂಕಿಗಳಲ್ಲಿ ಲೆಕ್ಕ ಬರೆಯಕೂಡದೆಂದು ಕಟ್ಟಳೆ ಮಾಡಿತು. ಸೊನ್ನೆಗೆ ಬಾಲ ಎಳೆದು 6 ಅಥವಾ 9 ಮಾಡುವುದು ಸುಲಭ ಎಂಬ ಭಯ. ಚೆಕ್ಕಿನ ಮೇಲೆ ಮೊತ್ತವನ್ನು ಅಕ್ಷರದಲ್ಲೂ ಬರೆಯಿರಿ ಎಂದು ಬ್ಯಾಂಕಿನವರು ಈಗಲೂ ಹೇಳುತ್ತಾರಲ್ಲ, ಆ ಭಯ ಪೂರ್ತಿ ಹೋಗಿಲ್ಲ.

ಭಾರತದ ಬನಿಯಾಗಳ ಬಹಿ ಖಾತೆಯಿಂದಲೇ ಇಟಲಿಯವರು ಕಲಿತರು ಎಂಬ ವಾದವೂ ಇದೆ. ಕೇಳಲು ಹಿತ. ಆದರೆ ಅಷ್ಟು ಹಳೆಯ ಜೋಡಿ ನಮೂದಿನ ಬಹಿ ಯಾರ ಕೈಗೂ ಸಿಕ್ಕಿಲ್ಲ. ನಮ್ಮಲ್ಲಿ ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದಾದ ಬಟ್ಟೆಯಲ್ಲಿ ಹಳೆಯದು ಉಳಿಯುವುದು ಕಷ್ಟ. ಸಾಕ್ಷಿ ಇಲ್ಲದ ಬಾಕಿಯನ್ನು ನಾವೂ ಜಮಾ ಮಾಡಿಕೊಳ್ಳುವುದು ಬೇಡ.

ಹಾಗಾದರೆ ನಿಜವಾಗಿ ಕಂಡುಹಿಡಿದದ್ದು ಏನು? ಎರಡು ಸಲ ಬರೆಯುವುದನ್ನಲ್ಲ. ಅಂಗಡಿ ಬೇರೆ, ಅಂಗಡಿಯ ಯಜಮಾನ ಬೇರೆ ಎಂಬುದನ್ನು. ದರ್ಬೆಯಲ್ಲಿ ಒಬ್ಬರು ಅಡಿಕೆ ಅಂಗಡಿ ತೆರೆದರು ಎನ್ನೋಣ. ಸ್ವಂತದ್ದು 5 ಲಕ್ಷ, ಬ್ಯಾಂಕಿನ ಸಾಲ 3 ಲಕ್ಷ. ಅಂಗಡಿಯ ಬಳಿ 8 ಲಕ್ಷ ಇದೆ, ಅಂಗಡಿ ಕೊಡಬೇಕಾದದ್ದೂ 8 ಲಕ್ಷ. ಅದರಲ್ಲಿ 5 ಲಕ್ಷ ಯಜಮಾನರಿಗೇ ಕೊಡಬೇಕಾದದ್ದು. 2 ಲಕ್ಷ ನಗದು ಕೊಟ್ಟು ಚಾಲಿ ಅಡಿಕೆ ಕೊಂಡರು: ನಗದು ಇಳಿಯಿತು, ಮಾಲು ಏರಿತು, ಮೊತ್ತ 8 ಲಕ್ಷವೇ. ಆ ಅಡಿಕೆಯನ್ನು 2,30,000ಕ್ಕೆ ಕಡ ಮಾರಿದರು. ಈಗ ಗಲ್ಲಾಪೆಟ್ಟಿಗೆಯಲ್ಲಿ 6 ಲಕ್ಷ, ಗಿರಾಕಿಯಿಂದ ಬರಬೇಕಾದದ್ದು 2,30,000, ಒಟ್ಟು 8,30,000. ಎದುರು ಬದಿಯಲ್ಲಿ ಸಾಲ 3 ಲಕ್ಷ, ಯಜಮಾನರ ಪಾಲು 5,30,000. ಗಲ್ಲದ ಹಣ ಇಳಿದಿದೆ, ಆದರೂ ಲಾಭ 30,000 ಆಗಿದೆ. ಗಲ್ಲವನ್ನಷ್ಟೇ ನೋಡುವವನಿಗೆ ಇದು ಕಾಣುವುದಿಲ್ಲ. ಗಿರಾಕಿ ಕೈಕೊಟ್ಟರೆ ಲಾಭ ಹೋಗಿ ಅಸಲಿಗೂ ಪೆಟ್ಟು ಬೀಳುತ್ತದೆ ಎಂಬುದೂ ಕಾಣುವುದಿಲ್ಲ. ಬ್ಯಾಂಕು ಸಾಲ ಕೊಡುವಾಗ, ಪಾಲುದಾರ ಹಣ ಹಾಕುವಾಗ, ತೆರಿಗೆ ಕಟ್ಟುವಾಗ ಕೇಳುವುದು ಗಲ್ಲದ ಕತೆಯನ್ನಲ್ಲ, ಈ ಎರಡು ಬದಿಯ ಕತೆಯನ್ನು.

ಯಜಮಾನ ಒಬ್ಬನೇ ಆಗಿದ್ದರೆ ಮೋಸ ಹೋಗುವವನೂ ಅವನೇ. ಯಜಮಾನರು ನೂರಾರು ಜನ ಆದಾಗ? ಪುತ್ತೂರು ಈ ಪ್ರಶ್ನೆಯನ್ನು ಬೇಗನೆ ಎದುರಿಸಿತು. ಇಲ್ಲಿ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು (1880-1967) 1909ರಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕೂ ಮೊದಲು ಹುಟ್ಟಿದ್ದು ಪುತ್ತೂರಿನಲ್ಲೇ, ಮಂಗಳೂರಿಗೆ ಹೋದದ್ದು ಆಮೇಲೆ. ಸಂಘ ಕಟ್ಟಿದಾಗ ಜಾರಿಯಲ್ಲಿದ್ದದ್ದು 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ. ಅದರ ಎರಡು ಅಂಶಗಳನ್ನು ಒಟ್ಟಿಗೆ ಓದಬೇಕು. ಗ್ರಾಮೀಣ ಸಂಘಗಳ ಹೊಣೆಗಾರಿಕೆ ಸಾಮಾನ್ಯವಾಗಿ ಅಪರಿಮಿತ, ಅಂದರೆ ಸಂಘ ಮುಳುಗಿದರೆ ಸದಸ್ಯನ ತೋಟ-ಗದ್ದೆಗೂ ಕುತ್ತು. ಹಾಗೆಯೇ ವರ್ಷಕ್ಕೊಮ್ಮೆಯಾದರೂ ಸಂಘದ ಲೆಕ್ಕಪರಿಶೋಧನೆ ಕಡ್ಡಾಯ. ಮೊದಲನೆಯದು ಇದ್ದಲ್ಲಿ ಎರಡನೆಯದು ಇಲ್ಲದಿದ್ದರೆ ಯಾವ ಬುದ್ಧಿವಂತ ಕೃಷಿಕ ಸಹಿ ಹಾಕುತ್ತಿದ್ದ? ಶಿವರಾಯರನ್ನು ಸಹಕಾರಿ ಪಿತಾಮಹ ಎಂದು ಕರೆದು ಹಾರ ಹಾಕುತ್ತೇವೆ. ಅವರ ಚಳವಳಿಯನ್ನು ಗಟ್ಟಿಯಾಗಿ ನೆಲೆ ನಿಲ್ಲಿಸಿದ್ದು ಭಾಷಣವಷ್ಟೇ ಅಲ್ಲ, ಮಹಾಸಭೆಯಲ್ಲಿ ಓದಿ ಹೇಳುವ ಜಮಾ-ಖರ್ಚು ಕೂಡ ಎಂದು ನನ್ನ ನಂಬಿಕೆ.

ಇದೇ ಹಾದಿಯಲ್ಲಿ, ಅಡಿಕೆ ಧಾರಣೆ ನೆಲಕಚ್ಚಿದ್ದ ದಿನಗಳಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಬಂತು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದರ ಚಾಕೊಲೇಟ್ ಕಾರ್ಖಾನೆ. ದರ್ಬೆಯಲ್ಲಿ 1958ರಲ್ಲಿ ಶುರುವಾದ ಸಂತ ಫಿಲೋಮಿನಾ ಕಾಲೇಜಿನಲ್ಲಿ ವಾಣಿಜ್ಯ ಕಲಿಯುವ ಮಕ್ಕಳಿಗೆ ವೆನಿಸ್ಸಿನ ಕ್ರಮ ಈಗ ಪರೀಕ್ಷೆಯ ಪಾಠ.

ಕಲಿಯದೆ ಉಳಿದದ್ದು ನಮ್ಮ ತೋಟ. ಸಂಘದ ಲೆಕ್ಕ ಕೂದಲು ಸೀಳಿ ಕೇಳುವ ಕೃಷಿಕ ತನ್ನ ತೋಟದ ಲೆಕ್ಕವನ್ನು ಅಡುಗೆಮನೆಯ ಲೆಕ್ಕದೊಂದಿಗೆ ಬೆರೆಸಿಬಿಡುತ್ತಾನೆ. ಅಡಿಕೆ ಮಾರಿದ ಹಣದಲ್ಲಿ ಮಗಳ ಫೀಸು, ಗೊಬ್ಬರ, ಮದುವೆಯ ಮುಯ್ಯಿ ಎಲ್ಲ ಒಂದೇ ಚೀಲದಿಂದ. ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು; ಸಸಿ, ಪೈಪು, ಪಂಪಿನ ಹಣವನ್ನು ನೆಟ್ಟ ವರ್ಷದ ಖರ್ಚೆಂದು ಬರೆದರೆ ಆ ವರ್ಷ ದಿವಾಳಿ, ಫಸಲು ಬರುವ ವರ್ಷಗಳೆಲ್ಲ ಸುಳ್ಳು ಸಿರಿವಂತಿಕೆ. ಮನೂಚಿ ಬಾಡಿಗೆಗೆ ಮಾಡಿದ್ದನ್ನು ನಾವು ಪಂಪಿಗೆ ಮಾಡುವುದಿಲ್ಲ. ಹಳೆಯ ಅಡಿಕೆಗೆ ಸಿಗುವ ಡಬ್ಬಲ್ ಚೋಲ್ ದರದ ಆಸೆಗೆ ಅಟ್ಟದಲ್ಲಿ ಉಳಿಸಿದ ಅಡಿಕೆಯನ್ನು ಯಾರೂ ಬರೆದಿಡುವುದಿಲ್ಲ. ಮನೆಮಂದಿಯ ದುಡಿಮೆಗೆ ಕೂಲಿ ಬರೆಯದೆ ತೋಟ ಲಾಭದಲ್ಲಿದೆ ಎನ್ನುತ್ತೇವೆ.

ದೊಡ್ಡ ತಂತ್ರಾಂಶ ಬೇಕಿಲ್ಲ. ಎರಡು ಪುಸ್ತಕ ಇಡಿ, ಒಂದು ತೋಟಕ್ಕೆ, ಒಂದು ಮನೆಗೆ. ಮನೆಗೆ ಹಣ ಬೇಕಾದಾಗ ತೋಟದ ಪುಸ್ತಕದಲ್ಲಿ ಯಜಮಾನರ ಹೆಸರಿಗೆ ಬರೆದು ತೆಗೆದುಕೊಳ್ಳಿ. ಮಾರ್ಚ್ 31ರಂದು ಅಟ್ಟ ಹತ್ತಿ ಅಡಿಕೆ, ಮೆಣಸು ಎಷ್ಟಿದೆ ಎಂದು ತೂಗಿ ನಮೂದಿಸಿ.