ಕೆಸರು ದಾರಿಯಲ್ಲಿ ಕಲಿತ ಮಣ್ಣಿನ ಪಾಠ

ಬೋಧನಾಭ್ಯಾಸದ ಮೊದಲ ಹಂತದಲ್ಲಿ ನಾನು ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಘಟಕವನ್ನು ಬೋಧಿಸುತ್ತಿದ್ದೆ. ಉಳುಮೆಯಿಂದ ಮಣ್ಣು ಸಡಿಲವಾಗುತ್ತದೆ, ಬೇರುಗಳಿಗೆ ಗಾಳಿ ಸಿಗುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಮಿಸ್, ನಮ್ಮ ಗ್ರೌಂಡಲ್ಲಿ ಮಳೆ ನೀರು ದಿನಗಟ್ಟಲೆ ನಿಂತಿರುತ್ತೆ. ಆದ್ರೂ ಹುಲ್ಲು ಬರಲ್ಲ, ಯಾಕೆ?” ಅವಧಿ ಮುಗಿಯಲು ಹನ್ನೆರಡು ನಿಮಿಷವಿತ್ತು, ಪಾಠಯೋಜನೆಯಲ್ಲಿ ಇನ್ನೂ ಎರಡು ಬೋಧನಾಂಶಗಳು ಬಾಕಿ ಇದ್ದವು. “ಆಮೇಲೆ ಹೇಳ್ತೀನಿ, ಕೂತ್ಕೋ” ಎಂದೆ. ಆಮೇಲೆ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಉತ್ತರ ನನಗೂ ಸ್ಪಷ್ಟವಿರಲಿಲ್ಲ. ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು ಬರೆದ ಟಿಪ್ಪಣಿ ಎರಡೇ ಸಾಲು: “ಸಮಯಪಾಲನೆ ಉತ್ತಮ. ವಿದ್ಯಾರ್ಥಿಯ ಪ್ರಶ್ನೆಯನ್ನು ಬಳಸಿಕೊಂಡಿಲ್ಲ.”

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ದಸರಾ ರಜೆಯಲ್ಲಿ, ಎರಡೂವರೆ ವರ್ಷದ ಮಗುವಿನ ಜೊತೆ ಕಾಡುದಾರಿಯಲ್ಲಿ ನಡೆದಾಗ.

ಶಿವಮೊಗ್ಗದಿಂದ ಸುಮಾರು 90 ಕಿ.ಮೀ. ದೂರದ ಆಗುಂಬೆಯ ಹತ್ತಿರ ನನ್ನ ಅಕ್ಕನ ಮನೆಯಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಮನೆಯ ಹಿಂದಿನ ಅಡಿಕೆ ತೋಟ ದಾಟಿದರೆ ಕಾಡಂಚಿನಲ್ಲಿ ಹಳ್ಳದವರೆಗೆ ಒಂದು ಕಾಲುದಾರಿ. ಒಂದು ಕಿಲೋಮೀಟರ್ ಕೂಡ ಇಲ್ಲ. ಅಕ್ಕ, ನಾನು, ಅಕ್ಕನ ಮಗ ಪುಟ್ಟ ಬೆಳಿಗ್ಗೆ ಹೊರಟೆವು. ಹಿಂದಿನ ರಾತ್ರಿ ಮಳೆ ಬಂದಿತ್ತು. ಹಳ್ಳ ನೋಡಿ ಒಂದು ಗಂಟೆಯೊಳಗೆ ವಾಪಸ್ ಬರುವುದು ನನ್ನ ಯೋಜನೆ.

ಇಂಥ ದಾರಿಯಲ್ಲಿ ಮಗುವನ್ನು ನಡೆಸುವಾಗ ಕೆಲವು ಸಂಗತಿ ತಿಳಿದಿರಬೇಕು. ಹುಟ್ಟಿದಾಗ ಮಗುವಿನ ತಲೆ ದೇಹದ ಉದ್ದದ ಸುಮಾರು ನಾಲ್ಕನೇ ಒಂದು ಭಾಗವಿರುತ್ತದೆ. ದೊಡ್ಡವರಲ್ಲಿ ಸುಮಾರು ಎಂಟನೇ ಒಂದು ಭಾಗ. ಎರಡು ವರ್ಷದ ಮಗುವಿನ ದೇಹ ಇವೆರಡರ ನಡುವೆ ಇರುತ್ತದೆ. ದೇಹದ ಭಾರ ಮೇಲ್ಭಾಗದಲ್ಲೇ ಹೆಚ್ಚು, ಕಾಲು ಗಿಡ್ಡ. ಹಾಗಾಗಿ ಬೇಗ ಆಯ ತಪ್ಪುತ್ತದೆ. ಜಾರಿದಾಗ ಕೈ ಹಿಡಿದು ಮೇಲಕ್ಕೆ ಜಗ್ಗಿದರೆ ಎಳೆಯ ಮಕ್ಕಳ ಮೊಣಕೈ ಕೀಲು ಜರುಗುವ ಅಪಾಯವಿದೆ. ಅದಕ್ಕೇ ನಾನು ಅವನ ಕೈ ಹಿಡಿಯದೆ, ನನ್ನ ಬೆರಳನ್ನು ಅವನಿಗೆ ಹಿಡಿಯಲು ಕೊಟ್ಟೆ. ಬಿದ್ದರೆ ಕಂಕುಳಿಗೆ ಕೈಕೊಟ್ಟು ಎತ್ತುತ್ತಿದ್ದೆ.

ಇನ್ನೊಂದು, ಉಂಬಳ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುವುದರಿಂದ ಅದು ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತದೆ, ಹೆದರಬೇಕಾಗಿಲ್ಲ. ಮಳೆ ಮುಗಿದ ಮೇಲಿನ ಒಣ ತಿಂಗಳುಗಳ ಉಣುಗಿಗೆ ಮಾತ್ರ ಹೆದರಬೇಕು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಆ ಕಾಯಿಲೆ ಕಾಣಿಸಿಕೊಳ್ಳುವ ದಿನಗಳಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ಯಬಾರದು.

ಪುಟ್ಟನಿಗೆ ನನ್ನ ಯೋಜನೆ ಗೊತ್ತಿರಲಿಲ್ಲ. ಅವನು ನಾಲ್ಕು ಹೆಜ್ಜೆಗೊಮ್ಮೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ದಾರಿಯ ನಡುವೆ ನಿಂತಿದ್ದ ಕೆಂಪು ನೀರಿಗೆ ಕಡ್ಡಿ ಆಡಿಸುತ್ತಿದ್ದ. ನಾನು “ಬಾ, ಬಾ” ಎನ್ನುತ್ತಲೇ ಇದ್ದೆ. ಒಂದು ಕಡೆ ನೀರಿನ ಬಾಟಲಿಯ ಮುಚ್ಚಳ ಕಿತ್ತುಕೊಂಡು, ಅದರಲ್ಲಿ ಕೆಂಪು ನೀರು ಮೊಗೆದು ದಾರಿಯ ಮೇಲೆ ಸುರಿದ. ನೀರು ಅಲ್ಲೇ ನಿಂತಿತು. ಮತ್ತೆ ಮೊಗೆದು ಪಕ್ಕದ ತರಗೆಲೆಯ ಮೇಲೆ ಸುರಿದ. ನೀರು ಕಾಣಿಸಲಿಲ್ಲ. ಎಲೆ ಎತ್ತಿ ನೋಡಿದ. “ಚಿಕ್ಕಿ, ನೀರು ಎಲ್ಲೋಯ್ತು?”

ಮತ್ತೆ ಸುರಿದ, ಮತ್ತೆ ಕೇಳಿದ. ಆಗ ನಾನೂ ಅವನ ಪಕ್ಕ ಕೂತೆ. ಒಂದೇ ಮಳೆ, ಒಂದೇ ಮಣ್ಣು. ದಾರಿಯಲ್ಲಿ ಮಾತ್ರ ಕೆಸರು, ಒಂದು ಮೊಳ ಆಚೆ ಕೆಸರಿಲ್ಲ. ಭದ್ರಾವತಿಯ ಹುಡುಗ ಕೇಳಿದ್ದೂ ಇದನ್ನೇ.

ಕಾರಣ ಹೀಗಿದೆ. ಮಣ್ಣಿನ ಕಣಗಳ ನಡುವೆ ಸಣ್ಣ ದೊಡ್ಡ ರಂಧ್ರಗಳಿರುತ್ತವೆ. ದೊಡ್ಡ ರಂಧ್ರಗಳ ಮೂಲಕ ನೀರು ಬೇಗ ಕೆಳಗಿಳಿಯುತ್ತದೆ, ಗಾಳಿಯೂ ಆಡುತ್ತದೆ. ಕಾಡಿನ ನೆಲದಲ್ಲಿ ಎರೆಹುಳು, ಗೆದ್ದಲು, ಬೇರುಗಳು ಈ ರಂಧ್ರಗಳನ್ನು ಮಾಡುತ್ತಲೇ ಇರುತ್ತವೆ. ಮೇಲೆ ಹಾಸಿದ ತರಗೆಲೆ ಮಳೆಹನಿಯ ಹೊಡೆತವನ್ನು ತಡೆಯುತ್ತದೆ. ಕಾಲುದಾರಿಯಲ್ಲಿ ಜನ, ದನ ತುಳಿದು ತುಳಿದು ಮೊದಲು ಮುಚ್ಚುವುದು ಈ ದೊಡ್ಡ ರಂಧ್ರಗಳೇ. ಬರಿನೆಲಕ್ಕೆ ನೇರವಾಗಿ ಬಡಿದ ಹನಿ ಮಣ್ಣಿನ ನುಣ್ಣನೆಯ ಕಣಗಳನ್ನು ಕದಡಿ ಉಳಿದ ರಂಧ್ರಗಳಿಗೂ ತುಂಬುತ್ತದೆ. ನೀರು ಇಳಿಯಲು ಜಾಗವಿಲ್ಲದೆ ಮೇಲೇ ನಿಂತು ಕೆಸರಾಗುತ್ತದೆ. ನೀರು ಇಳಿಯದ ಕಡೆ ಗಾಳಿಯೂ ಇಳಿಯದು. ಬೇರಿಗೆ ಆಮ್ಲಜನಕ ಸಿಗದು, ಗಟ್ಟಿ ನೆಲದೊಳಗೆ ಬೇರು ನುಗ್ಗಲೂ ಆಗದು. ಉಳುಮೆ ಎಂದರೆ ತುಳಿತ ಮಾಡಿದ್ದನ್ನು ಬಿಡಿಸುವ ಕೆಲಸ. ಇಷ್ಟನ್ನೂ ನಾನು ಬಿಡಿಬಿಡಿಯಾಗಿ ಓದಿದ್ದೆ. ಒಂದಕ್ಕೊಂದು ಸೇರಿಸಿ ನೋಡಿರಲಿಲ್ಲ.

ಹಳ್ಳದ ಬಳಿ ತಲುಪಲು ಒಂದೂಕಾಲು ಗಂಟೆ ಹಿಡಿಯಿತು. ದಾಟಲು ಅಡಿಕೆ ಮರದ ಸಂಕವಿತ್ತು, ಪಾಚಿ ಹಿಡಿದಿತ್ತು. ಇಷ್ಟು ದೂರ ಬಂದಾಗಿದೆ, ಎತ್ತಿಕೊಂಡು ದಾಟೋಣ ಎಂದೆ. ಅಕ್ಕ ಒಪ್ಪಲಿಲ್ಲ. “ಜಾರ್ತದೆ ಮಾರಾಯ್ತಿ. ಅವನಿಗೆ ಆಚೆ ದಡ ಬೇಕು ಅಂತ ಯಾರು ಹೇಳಿದ್ರು ನಿಂಗೆ?” ತಿರುಗಿ ಹೊರಟೆವು. ಪುಟ್ಟ ನನ್ನ ಹೆಗಲ ಮೇಲೇ ನಿದ್ದೆ ಹೋದ. ಮಗುವಿನ ಜೊತೆ ಹೊರಟವರು ತಮ್ಮ ಶಕ್ತಿಯ ಅರ್ಧವನ್ನು ಹೊತ್ತು ತರುವುದಕ್ಕೆಂದು ಉಳಿಸಿಕೊಂಡಿರಬೇಕು.

ರಜೆ ಮುಗಿದ ಮೇಲೆ ಅದೇ ತರಗತಿಗೆ ಹೋದೆ. ಮೊದಲು ಆ ಹುಡುಗನ ಪ್ರಶ್ನೆಯನ್ನು ಅವನಿಂದಲೇ ಮತ್ತೊಮ್ಮೆ ಕೇಳಿಸಿದೆ. ಎರಡೂ ಬದಿ ತೆರೆದ, ಒಂದೇ ಅಳತೆಯ ಡಬ್ಬಗಳನ್ನು ಗುಂಪಿಗೆ ಎರಡರಂತೆ ಕೊಟ್ಟೆ. ಒಂದನ್ನು ಮೈದಾನದಲ್ಲಿ, ಇನ್ನೊಂದನ್ನು ಹೊಂಗೆ ಮರದ ಬುಡದಲ್ಲಿ ಒಂದೇ ಆಳಕ್ಕೆ ಒತ್ತಿ, ಎರಡಕ್ಕೂ 200 ಮಿ.ಲೀ. ನೀರು ಹಾಕಿ ಸಮಯ ಬರೆಯಬೇಕು. ಮರದ ಬುಡದಲ್ಲಿ ಎರಡು ನಿಮಿಷದೊಳಗೆ ನೀರು ಇಂಗಿತು. ಮೈದಾನದಲ್ಲಿ ಇಪ್ಪತ್ತು ನಿಮಿಷವಾದರೂ ಅರ್ಧ ಉಳಿದಿತ್ತು. ಒಂದು ಗುಂಪಿಗೆ ಮಾತ್ರ ಮೈದಾನದ ನೀರೂ ಬೇಗ ಖಾಲಿಯಾಯಿತು. ನಾನು ಸರಿಪಡಿಸಲು ಹೋಗದೆ ಕಾದೆ. ಡಬ್ಬದ ಅಂಚಿನಿಂದ ಸೋರಿದೆ ಎಂದು ಅವರೇ ಕಂಡುಹಿಡಿದರು.

ಕೈಗೆ ಹತ್ತಿದ ಕೆಂಪು ಮಣ್ಣು ನೋಡಿ ಹುಡುಗಿಯೊಬ್ಬಳು ಬಣ್ಣ ಯಾಕೆ ಎಂದು ಕೇಳಿದಳು. ಕಬ್ಬಿಣದ ಆಕ್ಸೈಡಿನಿಂದ ಎಂದೆ. ಭದ್ರಾವತಿಯ ಮಕ್ಕಳಿಗೆ ಕಬ್ಬಿಣ ಹೊಸದಲ್ಲ. 1923ರಲ್ಲಿ ಆರಂಭವಾದ ಇಲ್ಲಿನ ಕಾರ್ಖಾನೆಗೆ ಅದಿರು ಬರುತ್ತಿದ್ದ ಊರಿನ ಹೆಸರೇ ಕೆಮ್ಮಣ್ಣುಗುಂಡಿ.

ಆ ದಿನ ಎರಡು ಬೋಧನಾಂಶಗಳು ಉಳಿದವು. ಮರುದಿನ ಅವನ್ನು ಮುಗಿಸಲು ಅರ್ಧ ಅವಧಿ ಸಾಕಾಯಿತು, ಏಕೆಂದರೆ ಉಳುಮೆ ಯಾಕೆ ಎಂದು ಮತ್ತೆ ವಿವರಿಸಬೇಕಾಗಲಿಲ್ಲ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕು ಎಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳುತ್ತದೆ. ಪರೀಕ್ಷೆಯಲ್ಲಿ ಈ ವಾಕ್ಯವನ್ನು ನಾವೆಲ್ಲ ಬರೆದಿದ್ದೇವೆ. ಜೋಡಿಸುವ ದಾರ ಬಹಳ ಸಲ ಮಕ್ಕಳ ಕೈಯಲ್ಲೇ ಇರುತ್ತದೆ. ನಾವು “ಆಮೇಲೆ” ಎಂದು ಅದನ್ನು ಬಿಡಿಸಿಬಿಡುತ್ತೇವೆ.

ಪಾಠಯೋಜನೆ ಬೇಡವೆಂದು ನಾನು ಹೇಳುತ್ತಿಲ್ಲ. ಹಳ್ಳದ ಕಡೆಗೆ ಹೊರಡದಿದ್ದರೆ ಆ ದಾರಿಯೇ ಸಿಗುತ್ತಿರಲಿಲ್ಲ. ನನ್ನ ಯೋಜನಾ ಪುಸ್ತಕದ ಪ್ರತಿ ಪುಟದ ಕೊನೆಯಲ್ಲಿ ಈಗ ಒಂದು ಗೆರೆ ಎಳೆದು ‘ಬಾಕಿ ಪ್ರಶ್ನೆ’ ಎಂದು ಬರೆದುಕೊಳ್ಳುತ್ತೇನೆ. ಉತ್ತರ ಗೊತ್ತಿಲ್ಲದಿದ್ದರೆ “ನನಗೂ ಗೊತ್ತಿಲ್ಲ, ಇಬ್ಬರೂ ಹುಡುಕೋಣ” ಎನ್ನುತ್ತೇನೆ. ಅಂದಿನ ಪ್ರಯೋಗದ ಕೊನೆಗೆ ಆ ಹುಡುಗ ಮತ್ತೊಂದು ಪ್ರಶ್ನೆ ಕೇಳಿದ: “ಹಂಗಾದ್ರೆ ಮಿಸ್, ನಾವು ಆಡೋದು ಬಿಟ್ರೆ ಗ್ರೌಂಡು ಎಷ್ಟು ದಿನಕ್ಕೆ ಸರಿಯಾಗುತ್ತೆ?” ಸದ್ಯ ಆ ಗೆರೆಯ ಕೆಳಗಿರುವುದು ಈ ಪ್ರಶ್ನೆ.