ರಂಧ್ರಗಳಿದ್ದರೂ ನೀರೇಕೆ ಇಳಿಯದು?

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗದ ನೀರಾವರಿ ಕಬ್ಬಿನ ಹೊಲಗಳಲ್ಲಿ ಅಲ್ಲಲ್ಲಿ ನೆಲ ಸವಳು-ಜವಳಾಗಿ ಬೆಳೆ ಸೊರಗುತ್ತದೆ. ಇಲ್ಲಿನ ಎರೆಮಣ್ಣಿನಲ್ಲಿ ಸುಮಾರು ಅರ್ಧ ಭಾಗ ರಂಧ್ರಗಳೇ. ಮರಳಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಆದರೂ ಮರಳಿನಲ್ಲಿ ನೀರು ಬೇಗ ಇಳಿಯುತ್ತದೆ, ಎರೆಯಲ್ಲಿ ನಿಲ್ಲುತ್ತದೆ. ಏಕೆ?

ರಂಧ್ರಗಳ ಒಟ್ಟು ಪ್ರಮಾಣವೇ ‘ಸರಂಧ್ರತೆ’. ದ್ರವವನ್ನು ಸಾಗಗೊಡುವ ಗುಣ ‘ಪಾರಗಮ್ಯತೆ’. ಇವೆರಡೂ ಒಂದೇ ಅಲ್ಲ. 10 ಮಿಲಿಮೀಟರ್ ತ್ರಿಜ್ಯದ ಒಂದು ಕೊಳವೆಯನ್ನೂ 1 ಮಿಲಿಮೀಟರ್ ತ್ರಿಜ್ಯದ 100 ಕೊಳವೆಗಳನ್ನೂ ಊಹಿಸಿಕೊಳ್ಳಿ. ಒಟ್ಟು ಅಡ್ಡಕೊಯ್ತದ ವಿಸ್ತೀರ್ಣ ಸಮ. ಆದರೆ ನಿಧಾನ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುವುದರಿಂದ, ಉದ್ದವೂ ಒತ್ತಡವೂ ಒಂದೇ ಇದ್ದರೆ ದೊಡ್ಡ ಕೊಳವೆಯಲ್ಲಿ 100 ಪಟ್ಟು ಹೆಚ್ಚು ನೀರು ಹರಿಯುತ್ತದೆ! ಎರೆಯ ಜೇಡಿಕಣಗಳ ನಡುವಿನ ರಂಧ್ರಗಳು ಅತಿ ಸೂಕ್ಷ್ಮ. ನೆನೆದಾಗ ಜೇಡಿ ಉಬ್ಬಿ ಅವು ಇನ್ನೂ ಕಿರಿದಾಗುತ್ತವೆ.

ಅತಿ ನೀರಾವರಿಯಿಂದ ಅಂತರ್ಜಲ ಮೇಲೇರಿದಾಗ ಇವೇ ರಂಧ್ರಗಳು ದೀಪದ ಬತ್ತಿಯಂತೆ ನೀರನ್ನು ಮೇಲಕ್ಕೆಳೆಯುತ್ತವೆ. ನೀರು ಆವಿಯಾಗಿ ಲವಣ ಉಳಿಯುತ್ತದೆ. ಸೋಡಿಯಂ ಹೆಚ್ಚಾದರೆ ಜೇಡಿಕಣಗಳು ಚದುರಿ ದಾರಿಗಳನ್ನು ಮುಚ್ಚುತ್ತವೆ. ಜಿಪ್ಸಂನ ಕ್ಯಾಲ್ಸಿಯಂ ಕಣಗಳನ್ನು ಮತ್ತೆ ಗುಂಪುಗೂಡಿಸಿ ದಾರಿ ತೆರೆಯುತ್ತದೆ. ಕರಗಿದ ಲವಣವನ್ನು ಹೊರಹಾಕಲು ಬಸಿಗಾಲುವೆಯೂ ಬೇಕು.

ಬಿಗಿಯಾದ ಮರಳುಶಿಲೆಯಲ್ಲಿನ ತೈಲದ ಸಮಸ್ಯೆಯೂ ಇದೇ ಬಗೆಯದು. ತೈಲವಿದ್ದರೂ ರಂಧ್ರಗಳನ್ನು ಜೋಡಿಸುವ ಕಂಠಗಳು ಕಿರಿದು. ಆದ್ದರಿಂದಲೇ ಶಿಲೆಯನ್ನು ಒತ್ತಡದಿಂದ ಬಿರಿಸಿ ದಾರಿ ಮಾಡುತ್ತಾರೆ.

ತಳ ಕತ್ತರಿಸಿದ ಎರಡು ಬಾಟಲಿಗಳನ್ನು ತಲೆಕೆಳಗಾಗಿಸಿ, ಬಾಯಿಗೆ ಬಟ್ಟೆ ಕಟ್ಟಿ, ಒಂದಕ್ಕೆ ಮರಳು, ಇನ್ನೊಂದಕ್ಕೆ ಎರೆ ತುಂಬಿ. ಸಮನಾಗಿ ನೀರು ಹಾಕಿ ಗಡಿಯಾರ ನೋಡಿ.